ಡೌಡಿಂಗ್ ವರದಿ: ಐದು ವರ್ಷ ಕಡತದಲ್ಲಿದ್ದ ಕದನ

1941ರ ಮಾರ್ಚ್‌ನಲ್ಲಿ ಬ್ರಿಟನ್ನಿನ ವಾಯು ಸಚಿವಾಲಯ 32 ಪುಟಗಳ ಒಂದು ಕಿರುಪುಸ್ತಕ ಹೊರತಂದಿತು. ಹಿಂದಿನ ವರ್ಷ ಜರ್ಮನಿಯ ವಿಮಾನಗಳು ಇಂಗ್ಲೆಂಡಿನ ಮೇಲೆ ಮುಗಿಬಿದ್ದದ್ದು, ಬ್ರಿಟನ್ನಿನ ಯುದ್ಧವಿಮಾನಗಳ ಪಡೆಯಾದ ಫೈಟರ್ ಕಮಾಂಡ್ ಅವುಗಳನ್ನು ಹಿಮ್ಮೆಟ್ಟಿಸಿದ್ದು, ಅಂದರೆ ‘ಬ್ಯಾಟಲ್ ಆಫ್ ಬ್ರಿಟನ್’ ಎಂದು ಹೆಸರಾದ ಕದನ, ಅದರ ವಸ್ತು. ಲಕ್ಷಗಟ್ಟಲೆ ಪ್ರತಿಗಳು ಖರ್ಚಾದವು. ಆದರೆ ಆ ಕಮಾಂಡಿನ ಮುಖ್ಯಸ್ಥರಾಗಿ ಕದನ ನಡೆಸಿದ ಏರ್ ಚೀಫ್ ಮಾರ್ಷಲ್ ಹ್ಯೂ ಡೌಡಿಂಗ್ ಅವರ ಹೆಸರು ಅದರಲ್ಲಿ ಒಂದು ಕಡೆಯೂ ಇರಲಿಲ್ಲ. ಚರ್ಚಿಲ್ ಕೆರಳಿದರು. ನೌಕಾ ಸೇನಾನಿ ನೆಲ್ಸನ್ನನ ಹೆಸರೆತ್ತದೆ ಅವನು ಗೆಲ್ಲಿಸಿದ ಟ್ರಫಾಲ್ಗರ್ ಕದನದ ಕಥೆ ಹೇಳಿದ ಹಾಗಾಯಿತು ಎಂದು ವಾಯು ಸಚಿವರಿಗೆ ಬರೆದರು.

ಹೆಸರು ಬಿಟ್ಟುಹೋದದ್ದು ಕಣ್ತಪ್ಪಿನಿಂದ ಎಂದು ನಂಬುವುದು ಕಷ್ಟ. 1940ರ ನವೆಂಬರ್ ಕೊನೆಯಲ್ಲಿ ಡೌಡಿಂಗ್ ಅವರನ್ನು ಹುದ್ದೆಯಿಂದ ಇಳಿಸಲಾಗಿತ್ತು. ರಾತ್ರಿ ದಾಳಿಗಳನ್ನು ತಡೆಯಲಾಗಲಿಲ್ಲ ಎಂಬುದು ಒಂದು ದೂರು. ಹಲವು ಸ್ಕ್ವಾಡ್ರನ್‌ಗಳನ್ನು, ಅಂದರೆ ವಿಮಾನ ತುಕಡಿಗಳನ್ನು, ಒಟ್ಟುಗೂಡಿಸಿ ಒಂದೇ ದೊಡ್ಡ ಹಿಂಡಾಗಿ ಶತ್ರುವಿನ ಮೇಲೆ ಬಿಡಬೇಕೋ, ಬೇಡವೋ ಎಂಬುದು ಇನ್ನೊಂದು ಜಗಳ. ಬಿಡಬೇಕೆಂದವರು ಕಮಾಂಡಿನ ಪ್ರಾದೇಶಿಕ ವಿಭಾಗಗಳಲ್ಲೊಂದಾದ 12ನೇ ಗ್ರೂಪಿನ ಮುಖ್ಯಸ್ಥ ಲೀ-ಮ್ಯಾಲರಿ. ಹಿಂಡು ಕಟ್ಟುವಷ್ಟರಲ್ಲಿ ಬಾಂಬ್ ಬಿದ್ದಿರುತ್ತದೆ ಎಂದವರು 11ನೇ ಗ್ರೂಪಿನ ಮುಖ್ಯಸ್ಥ ಕೀತ್ ಪಾರ್ಕ್. ಡೌಡಿಂಗ್ ಪಾರ್ಕ್ ಪಕ್ಷ. ಕದನ ಗೆದ್ದ ಕೆಲವೇ ವಾರಗಳಲ್ಲಿ ಇಬ್ಬರೂ ಜಾಗ ಖಾಲಿ ಮಾಡಬೇಕಾಯಿತು.

ಹುದ್ದೆ ಹೋದ ಮೇಲೆ ಡೌಡಿಂಗ್ ಅವರನ್ನು ಅಮೆರಿಕಕ್ಕೆ ಕೆಲಸದ ಮೇಲೆ ಕಳಿಸಲಾಗಿತ್ತು. ಅದನ್ನು ಮುಗಿಸಿ ಮರಳಿದ ಮೇಲೆ ಅವರಿಂದ ಅಧಿಕೃತ ವರದಿ ಕೇಳಲಾಯಿತು. 1941ರ ಆಗಸ್ಟ್ 20ರಂದು ಅವರು ಅದನ್ನು ಸಲ್ಲಿಸಿದರು. ಯುದ್ಧ ನಡೆಯುತ್ತಿತ್ತು, ಆದ್ದರಿಂದ ವರದಿ ಗುಟ್ಟಿನ ಕಡತ ಸೇರಿತು. ಜನ ಓದಿದ್ದು ಕಿರುಪುಸ್ತಕವನ್ನು. ಸೇನಾನಿಯ ಸ್ವಂತ ಮಾತು ಲಂಡನ್ ಗೆಜೆಟ್‌ನ ಪುರವಣಿಯಾಗಿ ಅಚ್ಚಾದದ್ದು 1946ರ ಸೆಪ್ಟೆಂಬರ್‌ನಲ್ಲಿ.

ಅವಮಾನಿತ ಸೇನಾನಿ ಬರೆದದ್ದೆಂದು ಸೇಡಿನ ಮಾತು ಹುಡುಕಿದರೆ ನಿರಾಸೆಯಾಗುತ್ತದೆ. ಅದರ ಹೆಚ್ಚಿನ ಭಾಗ ವ್ಯವಸ್ಥೆಯ ವಿವರಣೆ, ಮತ್ತು ನನಗೆ ಅದೇ ವರದಿಯ ಜೀವಾಳವಾಗಿ ಕಾಣುತ್ತದೆ. ಕರಾವಳಿಯ ರೇಡಾರ್ ಗೋಪುರಗಳು ಸಮುದ್ರದ ಕಡೆಗೆ ಮುಖ ಮಾಡಿದ್ದವು. ಶತ್ರು ವಿಮಾನ ದಡ ದಾಟಿ ಒಳಬಂದಿತೆಂದರೆ ಅವು ಕುರುಡು. ಅಲ್ಲಿಂದ ಮುಂದೆ ವಿಮಾನದ ಜಾಡು ಹಿಡಿಯುತ್ತಿದ್ದವರು ಅಬ್ಸರ್ವರ್ ಕೋರ್‌ನ ನಾಗರಿಕರು, ಬೈನಾಕ್ಯುಲರ್ ಮತ್ತು ದೂರವಾಣಿ ಹಿಡಿದು ಗುಡ್ಡಗಳ ಮೇಲೆ ನಿಂತವರು. ನೆಲದ ಮೇಲೆ ಜಾಡು ಹಿಡಿಯಲು ಇದ್ದ ಏಕೈಕ ದಾರಿ ಇವರೇ ಎಂದು ಡೌಡಿಂಗ್ ಸ್ಪಷ್ಟವಾಗಿ ಬರೆಯುತ್ತಾರೆ. ರೇಡಾರ್‌ನ ಸುದ್ದಿ ಫೈಟರ್ ಕಮಾಂಡಿನ ಕೇಂದ್ರ ಕಚೇರಿಯಾದ ಬೆಂಟ್ಲಿ ಪ್ರಯರಿಯ ನೆಲಮಾಳಿಗೆಯಲ್ಲಿ ಸೋಸಲ್ಪಟ್ಟು ಗ್ರೂಪ್ ಕೇಂದ್ರಗಳಿಗೆ ಹೋಗುತ್ತಿತ್ತು. ಅಲ್ಲಿ ದೊಡ್ಡ ನಕ್ಷೆಯ ಮೇಜಿನ ಸುತ್ತ ನಿಂತ ಯುವತಿಯರು ಉದ್ದನೆಯ ಕೋಲುಗಳಿಂದ ಬಿಲ್ಲೆಗಳನ್ನು ಸರಿಸುತ್ತಿದ್ದರು. ಗೋಡೆ ಗಡಿಯಾರದಲ್ಲಿ ಐದೈದು ನಿಮಿಷಕ್ಕೆ ಕೆಂಪು, ಹಳದಿ, ನೀಲಿ ಪಟ್ಟಿಗಳು; ಸುದ್ದಿ ಬಂದ ಹೊತ್ತಿನ ಪಟ್ಟಿಯ ಬಣ್ಣವೇ ಬಿಲ್ಲೆಗೂ. ಬಿಲ್ಲೆಯ ಬಣ್ಣ ನೋಡಿದರೆ ಸುದ್ದಿ ಎಷ್ಟು ಹಳತು ಎಂದು ಮೇಲಿನ ಮಹಡಿಯ ಅಧಿಕಾರಿಗೆ ತಿಳಿಯುತ್ತಿತ್ತು. ರೇಡಾರ್ ಯಂತ್ರವಷ್ಟೇ ಗೆಲ್ಲಿಸಿತು ಎನ್ನುವವರು ಈ ಮೇಜನ್ನು ಮರೆಯುತ್ತಾರೆ.

ಭಾವನೆ ಇಣುಕುವುದು ಫ್ರಾನ್ಸಿನ ಪ್ರಸ್ತಾಪದಲ್ಲಿ. 1940ರ ಮೇನಲ್ಲಿ ಕುಸಿಯುತ್ತಿದ್ದ ಫ್ರಾನ್ಸಿಗೆ ಮತ್ತಷ್ಟು ಹರಿಕೇನ್ ವಿಮಾನಗಳನ್ನು ಕಳಿಸಬೇಕೆಂಬ ಒತ್ತಡವಿತ್ತು. ದೇಶರಕ್ಷಣೆಗೆ 52 ಸ್ಕ್ವಾಡ್ರನ್ ಬೇಕೆಂಬ ಲೆಕ್ಕವಿದ್ದರೂ ಕೈಯಲ್ಲಿ ಉಳಿದದ್ದು 36. ತಮ್ಮ ಬಲ ಮರಳು ಗಡಿಯಾರದ ಮರಳಿನಂತೆ ಜಾರಿಹೋಗುತ್ತಿರುವುದನ್ನು ಕಂಡೆ ಎಂದು ಅವರು ಬರೆದಿದ್ದಾರೆ. ಮೇ 15ರಂದು ಸಚಿವ ಸಂಪುಟದೆದುರು, ಮರುದಿನ ಪತ್ರದಲ್ಲಿ ಅವರು ಬೇಡವೆಂದು ಪಟ್ಟುಹಿಡಿದಿದ್ದರು.

ತಮ್ಮ ತಪ್ಪೆಣಿಕೆಯನ್ನೂ ಅವರು ಮುಚ್ಚಿಡಲಿಲ್ಲ. ಸೋತ ದೇಶಗಳಿಂದ ಬಂದ ಪೋಲಿಷ್ ಮತ್ತು ಝೆಕ್ ಪೈಲಟ್‌ಗಳ ಮನೋಬಲದ ಬಗ್ಗೆ ತಮಗೆ ಮೊದಲು ಅನುಮಾನವಿತ್ತೆಂದೂ, ಆದರೆ ಮೊದಲ ಪೋಲಿಷ್ ಸ್ಕ್ವಾಡ್ರನ್ ಒಂದೇ ತಿಂಗಳಲ್ಲಿ ಯಾವುದೇ ಬ್ರಿಟಿಷ್ ಘಟಕಕ್ಕಿಂತ ಹೆಚ್ಚು ಜರ್ಮನ್ ವಿಮಾನಗಳನ್ನು ಕೆಡವಿತೆಂದೂ ಹೇಳುತ್ತಾರೆ. ಸೆಪ್ಟೆಂಬರ್ ಹೊತ್ತಿಗೆ ಪಳಗಿದ ಪೈಲಟ್‌ಗಳೇ ಸಾಲದಾಗಿ, ಕೆಲವು ಸ್ಕ್ವಾಡ್ರನ್‌ಗಳನ್ನು ಬರಿದುಮಾಡಿ ಮುಂಚೂಣಿಯವನ್ನು ತುಂಬಿಸಬೇಕಾದ ಸ್ಥಿತಿಯೂ ವರದಿಯಲ್ಲಿದೆ. ಆ ದಿನಗಳ ಪತ್ರಿಕಾ ಶೀರ್ಷಿಕೆಗಳ ಧ್ವನಿಯೇ ಬೇರೆ: ಸೆಪ್ಟೆಂಬರ್ 15ರಂದು 185 ಜರ್ಮನ್ ವಿಮಾನಗಳು ಬಿದ್ದವೆಂದು ಸಾರಲಾಗಿತ್ತು, ಯುದ್ಧಾನಂತರ ಜರ್ಮನ್ ದಾಖಲೆಗಳಲ್ಲಿ ಸಿಕ್ಕದ್ದು 60ರ ಆಸುಪಾಸು.

ವರದಿಯಲ್ಲಿ ಇಲ್ಲದ್ದೂ ಇದೆ. ಬ್ಲೆಚ್ಲಿ ಪಾರ್ಕ್‌ನಲ್ಲಿ ಜರ್ಮನ್ ಸಂಕೇತಗಳನ್ನು ಒಡೆಯುತ್ತಿದ್ದ ಸಂಗತಿ ಗುಟ್ಟುಗಳಲ್ಲಿ ಗುಟ್ಟು. ಅದು ವಿವರವಾಗಿ ಬಯಲಾದದ್ದು 1974ರಲ್ಲಿ. ಹೀಗಾಗಿ ಗೆಜೆಟ್‌ನಲ್ಲಿ ಬಂದದ್ದನ್ನೇ ಪೂರ್ಣ ಚಿತ್ರವೆಂದು ಮೂರು ದಶಕ ಓದಲಾಯಿತು.

ನಮ್ಮ ಓದುಗರಿಗೊಂದು ವಿಷಯ. ಡೌಡಿಂಗ್ ಈ ವರದಿ ಸಲ್ಲಿಸುವುದಕ್ಕೆ ಎರಡು ತಿಂಗಳು ಮೊದಲು, 1941ರ ಜೂನ್‌ನಲ್ಲಿ, ಅವರ ಹಳೆಯ ಕಮಾಂಡಿಗೆ 129ನೇ ಸ್ಕ್ವಾಡ್ರನ್ ಸೇರಿತು. ಅದರ ಹೆಸರು ‘ಮೈಸೂರು’, ಲಾಂಛನ ಗಂಡಭೇರುಂಡ.

ವರದಿಯ ಒಂದು ನಿರ್ಧಾರ ಮಾತ್ರ ಇಂದಿಗೂ ಜೀವಂತವಾಗಿದೆ. ಕಿರುಪುಸ್ತಕ ಕದನದ ಆರಂಭವನ್ನು ಆಗಸ್ಟ್ 8 ಎಂದಿತ್ತು. ಡೌಡಿಂಗ್ ಜುಲೈ 10ನ್ನು ಆರಿಸಿಕೊಂಡರು: ಅಂದು ಸುಮಾರು 70 ಜರ್ಮನ್ ವಿಮಾನಗಳು ಒಟ್ಟಾಗಿ ಬಂದದ್ದು ಹಡಗುಗಳನ್ನು ಮುಳುಗಿಸುವುದಕ್ಕಿಂತ ಬ್ರಿಟನ್ನಿನ ಯುದ್ಧವಿಮಾನಗಳನ್ನು ಕಾಳಗಕ್ಕೆ ಎಳೆಯಲು ಎಂಬುದು ಅವರ ವಾದ. ಈ ಆಯ್ಕೆ ಒಂದಿಷ್ಟು ಮನಬಂದಂತೆ ಮಾಡಿದ್ದೇ ಎಂದು ಅವರೇ ಒಪ್ಪಿಕೊಂಡಿದ್ದರು. ಜರ್ಮನ್ ಇತಿಹಾಸಕಾರರಲ್ಲಿ ಹಲವರು ಕದನವನ್ನು 1941ರ ಮೇ ತನಕ ಎಳೆಯುತ್ತಾರೆ. ಬ್ರಿಟನ್ ಮಾತ್ರ ಜುಲೈ 10ರಿಂದ ಅಕ್ಟೋಬರ್ 31ರವರೆಗೆ ಎಂದು ಗೆರೆ ಎಳೆದು, ಆ ನಡುವೆ ಒಮ್ಮೆಯಾದರೂ ಕಾರ್ಯಾಚರಣೆಗೆ ಹಾರಿದವರಿಗೆ ವಿಶೇಷ ಪದಕಪಟ್ಟಿ ಕೊಟ್ಟಿತು. ಜುಲೈ ಮೊದಲ ವಾರದಲ್ಲಿ ಅದೇ ಇಂಗ್ಲಿಷ್ ಕಡಲ್ಗಾಲುವೆಯ ಮೇಲೆ ಹಾರಿ ಸತ್ತವರಿಗೆ ಅದು ಸಿಗಲಿಲ್ಲ.