ಭಾರತ–ಬಾಂಗ್ಲಾ: ತಲಾ ಆದಾಯದ ಪಟ್ಟಿಯಲ್ಲಿ ಸಿಗದ ಲೆಕ್ಕ

2020ರ ಅಕ್ಟೋಬರ್‌ನಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) ಒಂದು ಅಂದಾಜು ಪ್ರಕಟಿಸಿತು: ಆ ವರ್ಷ ಬಾಂಗ್ಲಾದೇಶದ ತಲಾ ಜಿಡಿಪಿ 1,888 ಡಾಲರ್, ಭಾರತದ್ದು 1,877. ಹನ್ನೊಂದು ಡಾಲರ್ ಅಂತರಕ್ಕೆ ಇಲ್ಲಿ ದೊಡ್ಡ ಗದ್ದಲವೇ ಎದ್ದಿತು. ಲಾಕ್‌ಡೌನ್‌ನಿಂದ ನಮ್ಮ ಆರ್ಥಿಕತೆ ಕುಸಿದದ್ದೇ ಅದಕ್ಕೆ ಮುಖ್ಯ ಕಾರಣ. ನಾವು ತಲೆ ಕೆಡಿಸಿಕೊಳ್ಳಬೇಕಿದ್ದ ಸಂಗತಿ ನಡೆದದ್ದು ಅದಕ್ಕೂ ಬಹಳ ಮೊದಲು, ಬಾಂಗ್ಲಾ ನಮಗಿಂತ ಬಡವಾಗಿದ್ದಾಗಲೇ.

1970ರ ಭೋಲಾ ಚಂಡಮಾರುತಕ್ಕೆ ಲಕ್ಷಾಂತರ ಜನ ಸತ್ತರು, ಮರುವರ್ಷ ಯುದ್ಧ, 1974ರಲ್ಲಿ ಕ್ಷಾಮ. ಈ ದೇಶ ಉಳಿದೀತು ಎಂದು ನಂಬಿದವರು ಕಡಿಮೆ. 1990ರಲ್ಲೂ ಅಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ ಸುಮಾರು ನೂರು ಶಿಶುಗಳು ಒಂದು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. ಭಾರತದಲ್ಲಿ 90ರ ಆಸುಪಾಸು. 2010ರ ಹೊತ್ತಿಗೆ ಭಾರತದ ತಲಾ ಆದಾಯ ಬಾಂಗ್ಲಾದ ಒಂದೂವರೆ ಪಟ್ಟನ್ನು ದಾಟಿತ್ತು. ಆದರೆ ಶಿಶುಮರಣ ಅಲ್ಲಿ 40ಕ್ಕಿಂತ ಕೆಳಗಿಳಿದಿತ್ತು, ನಮ್ಮಲ್ಲಿ ಇನ್ನೂ 40ರ ಮೇಲಿತ್ತು. ಕಡಿಮೆ ಆದಾಯದಲ್ಲೂ ಅವರಿಗೆ ಇದು ಹೇಗೆ ಸಾಧ್ಯವಾಯಿತು? ಅರ್ಥಶಾಸ್ತ್ರಜ್ಞರಾದ ಅಮರ್ತ್ಯ ಸೇನ್ ಮತ್ತು ಜಾನ್ ಡ್ರೆಜ್ ಮತ್ತೆ ಮತ್ತೆ ಎತ್ತಿದ ಪ್ರಶ್ನೆ ಇದೇ.

ಉತ್ತರದ ಒಂದು ಪಾಲು ಅಡುಗೆಮನೆಯಲ್ಲಿತ್ತು. ವಾಂತಿಭೇದಿಗೆ ಉಪ್ಪು-ಸಕ್ಕರೆ ನೀರೇ ಔಷಧ ಎಂದು 1968ರಲ್ಲಿ ಢಾಕಾದ ಕಾಲರಾ ಸಂಶೋಧನಾಲಯದ ವೈದ್ಯರು ತೋರಿಸಿಕೊಟ್ಟರು. 1971ರಲ್ಲಿ ನಮ್ಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನೊಬಿಸ್ ಅದರಿಂದ ಸಾವಿರಾರು ಜೀವ ಉಳಿಸಿದರು. ಅಂದರೆ ಜ್ಞಾನ ಗಡಿಯ ಎರಡೂ ಕಡೆ ಇತ್ತು. ಅದನ್ನು ಮನೆಮನೆಗೆ ಒಯ್ದದ್ದು ಫಜಲೆ ಹಸನ್ ಅಬೇದ್ ಕಟ್ಟಿದ ಬ್ರ್ಯಾಕ್ ಎಂಬ ಸ್ವಯಂಸೇವಾ ಸಂಸ್ಥೆ. 1980ರಿಂದ ಹತ್ತು ವರ್ಷ ಅದರ ಕಾರ್ಯಕರ್ತೆಯರು ಹಳ್ಳಿ ಹಳ್ಳಿ ತಿರುಗಿ ಒಂದು ಕೋಟಿಗೂ ಹೆಚ್ಚು ಮನೆಗಳಲ್ಲಿ ಕಲಿಸಿದರು: ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಬರೀ ಹೇಳಿಬಂದರೆ ಸಂಬಳ ಸಿಗುತ್ತಿರಲಿಲ್ಲ. ಆಮೇಲೆ ಬೇರೆಯವರು ಹೋಗಿ ಪರೀಕ್ಷಿಸಿದಾಗ ತಾಯಿಗೆ ಎಷ್ಟು ನೆನಪಿದೆಯೋ ಅದರ ಮೇಲೆ ಕಾರ್ಯಕರ್ತೆಯ ದುಡ್ಡು. ಹಾಜರಿ ಪುಸ್ತಕ ನೋಡಿ ತೃಪ್ತಿಪಡುವ ನಮ್ಮ ಇಲಾಖೆಗಳಿಗೆ ಈ ಯೋಚನೆ ಯಾಕೆ ಹೊಳೆಯಲಿಲ್ಲವೋ!

ಕುಟುಂಬ ಯೋಜನೆಯಲ್ಲೂ ಇದೇ ದಾರಿ. ತುರ್ತು ಪರಿಸ್ಥಿತಿಯಲ್ಲಿ ಭಾರತ ಸಂತಾನಹರಣ ಚಿಕಿತ್ಸೆಯ ಗುರಿ ಹಾಕಿಕೊಂಡು ಜನರನ್ನು ಬೆದರಿಸಿದರೆ, ಬಾಂಗ್ಲಾ ಮಹಿಳಾ ಕಾರ್ಯಕರ್ತೆಯರ ಕೈಯಲ್ಲಿ ಮಾತ್ರೆ ಕೊಟ್ಟು ಮನೆಬಾಗಿಲಿಗೆ ಕಳಿಸಿತು. ಶೌಚಾಲಯದ ವಿಷಯದಲ್ಲಂತೂ, 2011ರ ಜನಗಣತಿಯಲ್ಲಿ ನಮ್ಮ ಅರ್ಧದಷ್ಟು ಮನೆಗಳಲ್ಲಿ ಶೌಚಾಲಯವೇ ಇರಲಿಲ್ಲ. ಅಲ್ಲಿ ಬಯಲಿಗೆ ಹೋಗುವವರು ಆಗಲೇ ತೀರಾ ವಿರಳ.

ಹಾಗೆಂದು ಬಾಂಗ್ಲಾ ಮಾಡಿದ್ದೆಲ್ಲ ಸರಿಯಾಗಲಿಲ್ಲ. ಕೆರೆಕುಂಟೆಯ ಕೊಳಕು ನೀರು ಬಿಡಿಸಲು ಲಕ್ಷಾಂತರ ಕೊಳವೆಬಾವಿ ಕೊರೆಸಿದರು. ಆ ನೀರಿನಲ್ಲಿ ಆರ್ಸೆನಿಕ್ ಎಂಬ ವಿಷ ಇದೆ ಎಂದು 1993ರಲ್ಲಿ ಗೊತ್ತಾಯಿತು, ಅಷ್ಟರಲ್ಲಿ ಕೋಟ್ಯಂತರ ಜನ ಅದನ್ನು ಕುಡಿದಾಗಿತ್ತು. ಹೆಣ್ಣುಮಕ್ಕಳ ಕೈಗೆ ಸಂಬಳ ತಂದ ಗಾರ್ಮೆಂಟ್ಸ್ ಉದ್ಯಮವೇ 2013ರ ಏಪ್ರಿಲ್ 24ರಂದು ರಾಣಾ ಪ್ಲಾಜಾ ಕುಸಿದಾಗ 1,100ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. 2024ರಲ್ಲಿ ಶೇಖ್ ಹಸೀನಾ ಸರ್ಕಾರ ಬಿದ್ದ ಮೇಲೆ ಬಂದ ಶ್ವೇತಪತ್ರ, ಅವರ ಕಾಲದ ಬೆಳವಣಿಗೆಯ ಅಂಕಿಗಳನ್ನೇ ಉಬ್ಬಿಸಲಾಗಿತ್ತು ಎಂದಿತು.

ಭಾರತದ ಸರಾಸರಿ ಎಂಬುದೂ ಮೋಸದ್ದೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಒಬ್ಬ ಮಹಿಳೆಗೆ ಸರಾಸರಿ ಮಕ್ಕಳು ಕರ್ನಾಟಕದಲ್ಲಿ 1.7, ಬಿಹಾರದಲ್ಲಿ 3. ಬಾಂಗ್ಲಾವನ್ನು ಇವೆರಡರಲ್ಲಿ ಯಾವುದರ ಜತೆ ತೂಗುತ್ತೀರಿ ಎಂಬುದರ ಮೇಲೆ ಉತ್ತರವೇ ಬದಲಾಗುತ್ತದೆ. ವಿಶ್ವಸಂಸ್ಥೆಯ 2025ರ ಮಾನವ ಅಭಿವೃದ್ಧಿ ವರದಿಯಲ್ಲಂತೂ ಎರಡೂ ದೇಶ 130ನೇ ಸ್ಥಾನದಲ್ಲಿ ಜತೆಯಾಗಿ ಕೂತಿವೆ.

ಆ ವರದಿಯ ಸೂಚ್ಯಂಕ ಅಳೆಯುವುದು ಆಯಸ್ಸು, ಓದು, ಆದಾಯ, ಇಷ್ಟನ್ನೇ. ಹೆಣ್ಣುಮಕ್ಕಳ ಮದುವೆಯ ವಯಸ್ಸು ಅದರ ಲೆಕ್ಕಕ್ಕಿಲ್ಲ. 1994ರಲ್ಲಿ ಬಾಂಗ್ಲಾ ಹಳ್ಳಿಯ ಹೈಸ್ಕೂಲು ಹುಡುಗಿಯರಿಗೆ ವಿದ್ಯಾರ್ಥಿವೇತನ ಕೊಡತೊಡಗಿತು. ಅದರ ಷರತ್ತುಗಳಲ್ಲೊಂದು: ಮದುವೆ ಆಗಿರಬಾರದು. ಹುಡುಗಿಯರು ಶಾಲೆಗೇನೋ ಹಿಂಡುಹಿಂಡಾಗಿ ಬಂದರು. ಆದರೆ ಭಾರತದಲ್ಲಿ 20ರಿಂದ 24ರ ವಯಸ್ಸಿನ ಹೆಣ್ಣುಮಕ್ಕಳಲ್ಲಿ 18 ತುಂಬುವ ಮೊದಲೇ ಮದುವೆಯಾದವರು ಶೇ 23ಕ್ಕೆ ಇಳಿದಿದ್ದರೆ, ಬಾಂಗ್ಲಾದಲ್ಲಿ ಈಗಲೂ ಅರ್ಧದಷ್ಟಿದ್ದಾರೆ.