ಬಣ್ಣ ಹೇಳಬೇಡಿ, ಬೆರಳು ತೋರಿಸಿ

ಪ್ರಶ್ನೆ: ನಿನ್ನೆ ರಾತ್ರಿ ಮಳೆ ನಿಂತ ಮೇಲೆ ಗೋಡೆಯ ಬುಡದಲ್ಲಿ ಒಂದು ಕಪ್ಪೆ ಕಂಡಿತು. ಕಂದು ಬಣ್ಣ, ಬೆನ್ನ ಮೇಲೆ ಬಿಳಿ ಗೆರೆ. ಇದು ಯಾವ ಜಾತಿ? ನನ್ನಂಥ ಹೊಸಬರು ಕಪ್ಪೆಗಳನ್ನು ಹುಡುಕಿ ಗುರುತಿಸುವುದು ಹೇಗೆ?

ಉತ್ತರ: ಗೊತ್ತಿಲ್ಲ. ನನಗಷ್ಟೇ ಅಲ್ಲ, ಜೀವಮಾನವೆಲ್ಲ ಕಪ್ಪೆಗಳ ಹಿಂದೆ ಅಲೆದವರಿಗೂ ಇಷ್ಟರಿಂದ ಗೊತ್ತಾಗುವುದಿಲ್ಲ. "ಬಿಳಿ ಅಂಗಿ ಹಾಕಿದ್ದರು, ಯಾರು ಹೇಳಿ ನೋಡೋಣ" ಎಂದು ಕೇಳಿದ ಹಾಗಾಯಿತು ಇದು.

ಪ್ರತಿ ಮಳೆಗಾಲದಲ್ಲೂ ಈ ಪ್ರಶ್ನೆ ಅಣಬೆಯಂತೆ ಏಳುತ್ತದೆ. ಕೇಳುವವರು ಬೇರೆ, ಕಪ್ಪೆ ಬೇರೆ, ವಿವರ ಮಾತ್ರ ಅದೇ: ಬಣ್ಣ, ಬಣ್ಣ, ಬಣ್ಣ. ಹಾಡಿದ್ದೇ ಹಾಡುವ ಕಿಸಬಾಯಿದಾಸ ಎಂದುಕೊಂಡರೂ ಸರಿ, ಈ ಸಲ ಪೂರ್ತಿ ಬರೆದುಬಿಡುತ್ತೇನೆ.

ಕಪ್ಪೆಯ ಹಸಿರು ನಿಜಕ್ಕೂ ಹಸಿರಲ್ಲ. ಅದರ ಚರ್ಮದಲ್ಲಿ ಬಣ್ಣದ ಕೋಶಗಳು ಮೂರು ಪದರಗಳಲ್ಲಿ ಕೂತಿರುತ್ತವೆ. ಮೇಲಿನದರಲ್ಲಿ ಹಳದಿ ಬಣ್ಣದ್ರವ್ಯ. ನಡುವಿನದರಲ್ಲಿ ಕನ್ನಡಿ ಚೂರುಗಳಂಥ ಹರಳುಗಳು. ಇವು ನೀಲಿ ಬೆಳಕನ್ನು ಹಿಂದಕ್ಕೆ ಎಸೆಯುತ್ತವೆ. ತಳದಲ್ಲಿ ಕಪ್ಪು. ನಡುವಿನಿಂದ ಬಂದ ನೀಲಿ ಮೇಲಿನ ಹಳದಿಯನ್ನು ಹಾದು ಹೊರಬಂದಾಗ ನಮಗೆ ಹಸಿರು ಕಾಣುತ್ತದೆ. ತಳದ ಕಪ್ಪು ಕಣಗಳು ಕೋಶದೊಳಗೆ ಹರಡಿಕೊಂಡರೆ ಕಪ್ಪೆ ಗಾಢವಾಗುತ್ತದೆ, ಒಂದೆಡೆ ಮುದುಡಿದರೆ ತೆಳುವಾಗುತ್ತದೆ. ಚಳಿ, ಬೆಳಕು, ತೇವ, ಹೆದರಿಕೆ ಇವೆಲ್ಲ ಆ ಕಣಗಳನ್ನು ಆಡಿಸುತ್ತವೆ. ಹುಟ್ಟಿನಿಂದಲೇ ಹಳದಿ ಇಲ್ಲದ ಕಪ್ಪೆ ಅಪರೂಪಕ್ಕೊಮ್ಮೆ ಸಿಗುತ್ತದೆ, ಹಸಿರಾಗಬೇಕಿದ್ದದ್ದು ನೀಲಿಯಾಗಿರುತ್ತದೆ. ಅದರ ಫೋಟೊ ಹಿಡಿದು "ಹೊಸ ಜಾತಿ!" ಎಂದು ಕುಣಿದವರು ಕಡಿಮೆಯೇನಿಲ್ಲ. ಮ್ಯೂಸಿಯಂ ಜಾಡಿಗಳಲ್ಲಿ ಹಸಿರು ಕಪ್ಪೆಗಳು ವರ್ಷ ಕಳೆದಂತೆ ನೀಲಿಗೆ ತಿರುಗುವುದೂ ಮೇಲಿನ ಹಳದಿ ಆಲ್ಕೋಹಾಲಿನಲ್ಲಿ ಕರಗಿಹೋಗುವುದರಿಂದ.

ನಾನೇನು ಹುಟ್ಟುತ್ತಲೇ ಇದನ್ನು ಕಲಿತು ಬಂದವನಲ್ಲ. ನನ್ನ ಮೊದಲ ವರ್ಷದ ನೋಟ್‌ಬುಕ್ಕಿನಲ್ಲಿ ಒಂದೇ ವಾರದಲ್ಲಿ ಮೂರು "ಜಾತಿ"ಯ ಮರಗಪ್ಪೆಗಳಿವೆ. ಹಗಲು ಕುಂಡದ ಹಿಂದೆ ಮುದುಡಿ ಕೂತಿದ್ದ ಕಾಫಿಪುಡಿ ಬಣ್ಣದ್ದು ಒಂದು. ರಾತ್ರಿ ಗೋಡೆಯ ಮೇಲೆ ಕಂಡ, ಸುಣ್ಣ ಬಳಿದಂತಿದ್ದದ್ದು ಇನ್ನೊಂದು. ಎರಡು ದಿನದ ಮೇಲೆ ಎಲೆಯ ಮೇಲೆ ಸಿಕ್ಕ, ಬೆನ್ನಿನಲ್ಲಿ ಮಾಸಲು ಗೆರೆಗಳಿದ್ದದ್ದು ಮೂರನೆಯದು. ಮೂರಕ್ಕೂ ಬೇರೆ ಬೇರೆ ಹೆಸರು ಹುಡುಕಿ, ಅಂದವಾಗಿ ಅಡಿಗೆರೆ ಎಳೆದಿದ್ದೆ. ಆಮೇಲೊಮ್ಮೆ ಫೋಟೊಗಳನ್ನು ದೊಡ್ಡದು ಮಾಡಿ ನೋಡಿದರೆ, ಮೂರರಲ್ಲೂ ಎಡ ಹಿಂಗಾಲಿನ ಉದ್ದ ಬೆರಳಿಗೆ ತುದಿಯೇ ಇಲ್ಲ. ಎಂದೋ ಯಾವುದೋ ಹಾವಿನ ಬಾಯಿಂದ ತಪ್ಪಿಸಿಕೊಂಡಿತ್ತೋ ಏನೋ. ಅಂತೂ ಮೂರು ಜಾತಿ ಸೇರಿ ಒಂದೇ ಕಪ್ಪೆಯಾಯಿತು.

"ಹಾಗಾದರೆ ಗಾಢ, ತೆಳು ಬಿಡಿ. ಅಚ್ಚ ಹಳದಿ ಇದ್ದರೆ ಬೇರೆಯೇ ತಾನೆ?" ಅಲ್ಲ. ಭಾರತದ ಗೂಳಿಗಪ್ಪೆಯ ಗಂಡು ವರ್ಷದ ಬಹುಪಾಲು ದಿನ ಕೆಸರಿನ ಬಣ್ಣದ್ದೇ. ಮೊದಲ ಜೋರು ಮಳೆ ಬಿದ್ದು ಹೆಣ್ಣನ್ನು ಕರೆಯುವ ಹೊತ್ತಿಗೆ ನಿಂಬೆಹಣ್ಣಿನ ಹಳದಿಗೆ ತಿರುಗುತ್ತದೆ. ಗಂಟಲ ಎರಡು ಬದಿಯಲ್ಲಿ ನೀಲಿ ಧ್ವನಿಚೀಲಗಳು ಉಬ್ಬುತ್ತವೆ. ಕೆಲವು ದಿನ ಕಳೆದರೆ ಮತ್ತೆ ಕೆಸರು. ಯೂರೋಪಿನ ಮೂರ್ ಕಪ್ಪೆಯ ಗಂಡು ಹೀಗೆಯೇ ವಸಂತದಲ್ಲಿ ಕೆಲವೇ ದಿನ ತಿಳಿನೀಲಿಯಾಗುತ್ತದೆ. ಪಕ್ಕದಲ್ಲೇ ಕೂತ ಅದರ ಹೆಣ್ಣು ಕಂದು.

ಇನ್ನು ಬೆನ್ನ ಮೇಲಿನ ಬಿಳಿ ಗೆರೆ. ಇದನ್ನು ಕೈಬಿಡಿಸುವುದೇ ಕಷ್ಟ. ಒಂದೇ ಕೊಳದ, ಒಂದೇ ಜಾತಿಯ ಕಪ್ಪೆಗಳಲ್ಲಿ ಕೆಲವಕ್ಕೆ ಮೂತಿಯಿಂದ ಬಾಲದ ಜಾಗದವರೆಗೆ ಗೆರೆ ಇರುತ್ತದೆ, ಕೆಲವಕ್ಕೆ ಇರುವುದಿಲ್ಲ. ಅಣ್ಣತಮ್ಮಂದಿರಲ್ಲಿ ಒಬ್ಬನಿಗೆ ಗುಂಗುರು ಕೂದಲು ಬಂದ ಹಾಗೆ. ನೀರಿನ ಬಳಿ ಬದುಕುವ ಎಷ್ಟೋ ಕಪ್ಪೆಗಳ ಕತೆ ಇದೇ. ದಯವಿಟ್ಟು ಗೆರೆಯನ್ನು ಬಿಟ್ಟುಬಿಡಿ.

ಬಣ್ಣ ಪೂರ್ತಿ ದಂಡ ಎನ್ನಲಾರೆ. ಕಪ್ಪೆ ಕೂತಾಗ ಮುಚ್ಚಿಹೋಗುವ ಭಾಗಗಳ ಬಣ್ಣ, ಅಂದರೆ ತೊಡೆಯ ಹಿಂಬದಿ, ತೊಡೆಸಂದು, ಹೊಟ್ಟೆ, ಇವು ಬೆನ್ನಿನಷ್ಟು ಬದಲಾಗುವುದಿಲ್ಲ. ಕೆಲವು ಮರಗಪ್ಪೆಗಳನ್ನು ತೊಡೆಯ ಚಿತ್ತಾರದಿಂದಲೇ ಹೇಳಬಹುದು. ಆದರೆ ಯಾರೂ ಅದರ ಫೋಟೊ ತೆಗೆಯುವುದಿಲ್ಲ!

ಹಾಗಾದರೆ ಏನು ನೋಡಬೇಕು? ಕಣ್ಣಿನ ಹಿಂದಿನಿಂದ ಶುರು ಮಾಡಿ. ಅಲ್ಲಿ ಚರ್ಮದ ಮೇಲೆ ದುಂಡಗಿನ ಬಿಲ್ಲೆಯಂಥದ್ದು ಇದೆಯೇ? ಅದು ಕಿವಿತಮಟೆ. ಕಣ್ಣಿಗಿಂತ ದೊಡ್ಡದೋ ಚಿಕ್ಕದೋ, ಎದ್ದು ಕಾಣುತ್ತದೋ ಚರ್ಮದಡಿ ಅಡಗಿದೆಯೋ ಬರೆದುಕೊಳ್ಳಿ. ಅದರ ಮೇಲೆ, ಹಿಂದಕ್ಕೆ, ಹುರುಳಿಬೀಜವನ್ನು ಹಿಗ್ಗಿಸಿಟ್ಟಂತೆ ಉಬ್ಬಿದ ಗ್ರಂಥಿ ಇದ್ದರೆ ಅದು ಬಹುಮಟ್ಟಿಗೆ ನೆಲಗಪ್ಪೆ. ಆಮೇಲೆ ಬೆನ್ನಿನ ಎರಡು ಅಂಚು. ಕಣ್ಣಿನ ಹಿಂದಿನಿಂದ ಸೊಂಟದ ಕಡೆಗೆ ಹೊಲಿಗೆ ಹಾಕಿದಂತೆ ಚರ್ಮದ ಮಡಿಕೆ ಓಡುತ್ತದೆಯೇ? ಉತ್ತರ ಅಮೆರಿಕದಲ್ಲಿ ಅಲ್ಲಿನ ಗೂಳಿಗಪ್ಪೆಯ ಎಳೆಯದನ್ನೂ 'ಹಸಿರು ಕಪ್ಪೆ' ಎಂದೇ ಹೆಸರಿರುವ ಇನ್ನೊಂದು ಜಾತಿಯನ್ನೂ ಬೇರ್ಪಡಿಸುವುದೇ ಈ ಮಡಿಕೆ: ಹಸಿರು ಕಪ್ಪೆಗೆ ಇದೆ, ಗೂಳಿಗಪ್ಪೆಗೆ ಇಲ್ಲ. ಬಣ್ಣ ನೋಡಿ ಕೂತರೆ ಎರಡೂ ಹಸಿರೇ.

ಕೊನೆಗೆ ಬೆರಳು. ತುದಿಯಲ್ಲಿ ಬಿಲ್ಲೆಗಳಿದ್ದರೆ ಹತ್ತುವ ಕಪ್ಪೆ. ಹಿಂಗಾಲಿನ ಬೆರಳುಗಳ ನಡುವಿನ ಜಾಲ ತುದಿಯವರೆಗೂ ಇದ್ದರೆ ನೀರನ್ನು ಹೆಚ್ಚು ನೆಚ್ಚಿಕೊಂಡದ್ದು. ಹಿಮ್ಮಡಿಯ ಬಳಿ ಗುದ್ದಲಿಯಂಥ ಗಟ್ಟಿ ಉಬ್ಬು ಇದ್ದರೆ ಮಣ್ಣು ತೋಡಿ ಹಿಮ್ಮುಖವಾಗಿ ಹೂತುಕೊಳ್ಳುವ ಗಿರಾಕಿ. ಮುಂದೆ ನಾಲ್ಕು, ಹಿಂದೆ ಐದು ಬೆರಳು ಎನ್ನುವುದು ನೆನಪಿರಲಿ. ಐದನೆಯದು ಎಲ್ಲಿ ಕಳೆದುಹೋಯಿತೆಂದು ಗಾಬರಿಯಾದವರಿದ್ದಾರೆ. ಪಕ್ಕದಿಂದ ಒಂದು, ಮೇಲಿನಿಂದ ಒಂದು, ಹಿಂಗಾಲಿನದೊಂದು, ಹೀಗೆ ಮೂರು ಫೋಟೊ ಸಾಕು. ಎದುರಿನಿಂದ ತೆಗೆದ ಮುದ್ದು ಮುಖ ನಿಮ್ಮ ಆಲ್ಬಮ್ಮಿಗೆ ಇರಲಿ.

ಕಪ್ಪೆಗೂ ನೆಲಗಪ್ಪೆಗೂ ಏನು ವ್ಯತ್ಯಾಸ ಎಂದು ಮುಂದಿನ ಪ್ರಶ್ನೆ ಬರುತ್ತದೆ. ನೆಲಗಪ್ಪೆಯೂ ಕಪ್ಪೆಯೇ. 7,000ಕ್ಕೂ ಹೆಚ್ಚು ಜಾತಿಯ ಕಪ್ಪೆಗಳಲ್ಲಿ 600ಕ್ಕೂ ಮಿಗಿಲಾದ ಒಂದು ಕುಟುಂಬ ಅಷ್ಟೆ. ಒರಟು ಚರ್ಮ, ಗಿಡ್ಡ ಕಾಲು, ಮಣಿಸರದಂತೆ ದಾರವಾಗಿ ಇಡುವ ಮೊಟ್ಟೆ, ಇವು ಹೆಚ್ಚಿನವಕ್ಕೆ ಸರಿ. ಆದರೆ ನುಣ್ಣನೆಯ ಮೈಯ, ಸಪೂರ ಕಾಲಿನ ಪನಾಮಾದ ಚಿನ್ನದ ಕಪ್ಪೆ ಇದೇ ಕುಟುಂಬದ್ದು. ಮುಟ್ಟಿದರೆ ನರಹುಲಿ ಬರುತ್ತದೆ ಎನ್ನುವುದು ಸುಳ್ಳು. ಅದು ಬರುವುದು ಮನುಷ್ಯರಿಂದ ಮನುಷ್ಯರಿಗೆ ಹರಡುವ ವೈರಸ್ಸಿನಿಂದ.

ನೋಟಕ್ಕಿಂತ ನಂಬಿಕಸ್ಥ ಸಾಕ್ಷಿ ಕೂಗು. ಉತ್ತರ ಅಮೆರಿಕದ ಎರಡು ಬೂದು ಮರಗಪ್ಪೆಗಳನ್ನು ಪಕ್ಕಪಕ್ಕ ಕೂರಿಸಿದರೂ ಕಣ್ಣಿಗೆ ವ್ಯತ್ಯಾಸ ಸಿಗುವುದಿಲ್ಲ. ಒಂದಕ್ಕೆ ಇನ್ನೊಂದರ ಎರಡರಷ್ಟು ಕ್ರೋಮೋಸೋಮುಗಳಿವೆ, ಅದು ಹೊರಗೆ ಕಾಣುವುದಿಲ್ಲವಲ್ಲ. ಕೂಗಿನಲ್ಲಿ ಮಾತ್ರ ಒಂದು ನಿಧಾನ, ಇನ್ನೊಂದು ಚುರುಕು. ನ್ಯೂಯಾರ್ಕಿನಂಥ ಮಹಾನಗರದಲ್ಲಿ ಎಲ್ಲರ ಕಣ್ಣೆದುರೇ ಇದ್ದ ಒಂದು ಚಿರತೆಕಪ್ಪೆಗೆ 2014ರಲ್ಲಿ ಹೊಸ ಜಾತಿಯ ಹೆಸರು ಬಂತು. ಅದರ ಕೂಗು ಉಳಿದವುಗಳ ಹಾಗಿಲ್ಲ ಎಂದು ಯಾರೋ ಕಿವಿಗೊಟ್ಟದ್ದರಿಂದ ಶುರುವಾದ ಪತ್ತೆ ಅದು. ನಿಮ್ಮ ಫೋನಿನಲ್ಲಿ ಅರ್ಧ ನಿಮಿಷ ರೆಕಾರ್ಡ್ ಮಾಡಿದರೆ ಸಾಕು. ಎಷ್ಟು ಚಳಿಯಿತ್ತು ಎಂದೂ ಬರೆದಿಡಿ, ಚಳಿ ಹೆಚ್ಚಾದರೆ ಕೂಗು ನಿಧಾನವಾಗುತ್ತದೆ.

ಹುಡುಕುವುದು ಇದಕ್ಕಿಂತ ಸುಲಭ. ಮಳೆ ಬಂದ ಬೆಚ್ಚನೆಯ ರಾತ್ರಿ, ನಿಂತ ನೀರಿನ ಅಂಚು. ಟಾರ್ಚನ್ನು ಸೊಂಟದ ಹತ್ತಿರ ಹಿಡಿಯಬೇಡಿ, ಕಣ್ಣಿನ ಪಕ್ಕಕ್ಕೆ ಹಿಡಿಯಿರಿ. ಆಗ ಕಪ್ಪೆಯ ಕಣ್ಣು ಹೊಳೆಯುತ್ತದೆ. ಹುಲ್ಲಿನ ತುಂಬ ಸೂಜಿಮೊನೆಯಷ್ಟು ಹಸಿರು ಮಿನುಗು ಕಂಡರೆ ಹಿಗ್ಗಬೇಡಿ, ಅವು ಜೇಡ. ನೀವು ಹತ್ತಿರ ಬಂದೊಡನೆ ವಟಗುಟ್ಟುವಿಕೆ ಥಟ್ಟನೆ ನಿಲ್ಲುತ್ತದೆ. ಹೊಸಬರೆಲ್ಲ ಇಲ್ಲಿ ಸೋತು ವಾಪಸಾಗುತ್ತಾರೆ. ದೀಪ ಆರಿಸಿ, ಕದಲದೆ ಹತ್ತು ನಿಮಿಷ ನಿಲ್ಲಿ. ದೂರದಲ್ಲಿ ಒಂದು ಶುರು ಮಾಡುತ್ತದೆ, ಆಮೇಲೆ ನಿಮ್ಮ ಕಾಲ ಬುಡದ್ದೇ ಸೇರಿಕೊಳ್ಳುತ್ತದೆ. ಒಂದು ಕೊಳದಿಂದ ಇನ್ನೊಂದಕ್ಕೆ ಹೋಗುವ ಮುನ್ನ ಬೂಟಿನ ಕೆಸರು ತೊಳೆದು ಒಣಗಿಸಿ. 1999ರಲ್ಲಿ ಹೆಸರು ಪಡೆದ ಒಂದು ಶಿಲೀಂಧ್ರ ಹಲವು ಜಾತಿಗಳನ್ನೇ ಅಳಿಸಿಹಾಕಿದೆ, ಅದು ಕೆಸರಿನಲ್ಲೂ ಪ್ರಯಾಣ ಮಾಡುತ್ತದೆ.

ಹಿಡಿಯಬೇಡಿ ಎನ್ನುತ್ತೇನೆ, ಆದರೂ ಹಿಡಿಯುತ್ತೀರಿ. ಹಿಡಿದವರು ದೂರುತ್ತಾರೆ, "ಕೈಮೇಲೆ ಉಚ್ಚೆ ಹೊಯ್ದುಬಿಟ್ಟಿತು, ವಿಷವೇ?" ವಿಷವಲ್ಲ. ಅದು ಕಪ್ಪೆಯ ಕುಡಿಯುವ ನೀರು. ಯಾರೂ ಕೇಳದಿದ್ದರೂ ಇದನ್ನು ಹೇಳಬೇಕೆಂದು ಬಹಳ ದಿನದಿಂದ ಕಾದಿದ್ದೆ: ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ. ಹೊಟ್ಟೆಯ ಕೆಳಭಾಗ, ತೊಡೆಗಳ ನಡುವಿನ ತೆಳು ಚರ್ಮದಿಂದ ಹೀರಿಕೊಳ್ಳುತ್ತದೆ. ಹೀರಿದ್ದನ್ನು ಮೂತ್ರಕೋಶದಲ್ಲಿ ಕೂಡಿಟ್ಟು, ಮಳೆಯಿಲ್ಲದ ದಿನಗಳಲ್ಲಿ ಅಲ್ಲಿಂದಲೇ ಮೈಗೆ ಎಳೆದುಕೊಳ್ಳುತ್ತದೆ. ಹೆದರಿಸಿದರೆ ಆ ಉಳಿತಾಯವೆಲ್ಲ ನಿಮ್ಮ ಅಂಗೈ ಮೇಲೆ ಚೆಲ್ಲಿಹೋಗುತ್ತದೆ. ಸೊಳ್ಳೆ ಓಡಿಸುವ ಕ್ರೀಮು ಹಚ್ಚಿದ ಕೈಯಾದರೆ ಅದನ್ನೂ ಅದೇ ಚರ್ಮ ಹೀರುತ್ತದೆ.

ನೆಲಗಪ್ಪೆ ನೀರು ಕುಡಿಯುವುದನ್ನು ನೋಡಬೇಕೆಂದರೆ, ಬಿಸಿಲಿನ ದಿನದ ಸಂಜೆ ಗಿಡಗಳಿಗೆ ನೀರು ಹಾಕಿ ಮುಗಿದ ಮೇಲೆ ಹತ್ತು ಹೆಜ್ಜೆ ದೂರ ಕೂತುಕೊಳ್ಳಿ. ಎಲ್ಲಿಂದಲೋ ಕುಪ್ಪಳಿಸಿ ಬಂದು ಒದ್ದೆ ಮಣ್ಣನ್ನು ಒಂದೆರಡು ಕಡೆ ಮೂಸಿದಂತೆ ಮಾಡುತ್ತದೆ. ಆಮೇಲೆ ಹಿಂಗಾಲುಗಳನ್ನು ಎರಡೂ ಕಡೆಗೆ ಅಗಲಿಸಿ, ಹೊಟ್ಟೆಯನ್ನು ನೆಲಕ್ಕೆ ಒತ್ತಿ, ಬಿಸಿಲಲ್ಲಿ ನಡೆದು ಬಂದವರು ತಂಪು ಜಗುಲಿಯ ಮೇಲೆ ಮೈಚೆಲ್ಲಿದ ಹಾಗೆ ಚಪ್ಪಟೆಯಾಗಿ ಕೂತುಬಿಡುತ್ತದೆ. ಆ ಹೊತ್ತಿನಲ್ಲಿ ಅದಕ್ಕೆ ನೀವು ಕೂಡ ಲೆಕ್ಕಕ್ಕಿಲ್ಲ.