ಆ ಕಲ್ಲುಗೋಡೆ ಮೊದ್ಲು ಬಿದ್ದಿದ್ದು ಯಾಕೆ?

ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್, ಯಾರ್ಕ್‌ಷೈರ್ ಡೇಲ್ಸ್, ಆ ಕಡೆ ವೇಲ್ಸಿನ ಸ್ನೋಡೋನಿಯಾ, ಈ ಗುಡ್ಡಗಳಲ್ಲಿ ಶನಿವಾರ ಭಾನುವಾರ ಬಂತು ಅಂದ್ರೆ ಟೀಚರು, ರಿಟೈರಾದ ಇಂಜಿನಿಯರು, ಕಾಲೇಜ್ ಹುಡುಗ್ರು ಎಲ್ಲ ರೇನ್‌ಕೋಟ್ ಹಾಕ್ಕೊಂಡು ಯಾರದೋ ಕುರಿ ಫಾರ್ಮಿನ ಬಿದ್ದ ಗೋಡೆ ಕಟ್ತಿರ್ತಾರೆ, ಒಂದು ಪೈಸೆ ಸಂಬಳ ಇಲ್ಲ. ಒಳ್ಳೆ ಜನ ಅಂತ ಹೇಳಿ ಸುಮ್ನಾಗ್ಬಹುದು. ಆದ್ರೆ ಈ ಕೆಲಸ ಮೊದ್ಲು ಯಾರು ಮಾಡ್ತಿದ್ರು, ಅವ್ರೆಲ್ಲ ಎಲ್ಲಿಗೆ ಹೋದ್ರು ಅಂತ ಕೇಳಿದ್ರೆ ಕತೆ ಸ್ವಲ್ಪ ಉದ್ದ ಇದೆ.

ಈ ಗೋಡೆಗಳಿಗೆ ಗಾರೆ ಇರಲ್ಲ. ಎರಡು ಕಡೆ ಎರಡು ಸಾಲು ಕಲ್ಲು, ನಡುವೆ ಪುಡಿಗಲ್ಲು, ಅಲ್ಲಲ್ಲಿ ಈ ಕಡೆಯಿಂದ ಆ ಕಡೆಗೆ ದಾಟೋ ಉದ್ದಗಲ್ಲು, ಮೇಲೆ ಭಾರಕ್ಕೆ ಒಂದು ಸಾಲು, ಅಷ್ಟೇ. ಬಹಳಷ್ಟು ಗೋಡೆ 18ನೇ ಶತಮಾನದ ಕೊನೆ, 19ರ ಮೊದಲ ಭಾಗದಲ್ಲಿ ಎದ್ದಿದ್ದು, ಊರವರೆಲ್ಲ ಒಟ್ಟಿಗೆ ಮೇಯಿಸ್ತಿದ್ದ ಗೋಮಾಳವನ್ನ ಪಾರ್ಲಿಮೆಂಟಿನ ಕಾಯ್ದೆ ಮಾಡಿ ಹಂಚಿ ಬೇಲಿ ಹಾಕಿದ ಕಾಲ ಅದು. ಒಂದ್ ಸಲ ಕಟ್ಟಿದ್ರೆ ನೂರಾರು ವರ್ಷ ನಿಲ್ಲತ್ತೆ, ಆದ್ರೆ ಯಾರಾದ್ರೂ ದಿನಾ ಅದರ ಪಕ್ಕ ಓಡಾಡ್ತಾ ಜಾರಿದ ಕಲ್ಲನ್ನ ಅವತ್ತೇ ವಾಪಸ್ ಇಡ್ತಿರ್ಬೇಕು. ಒಂದು ಕಲ್ಲು ಬಿಟ್ರೆ ಕುರಿ ಅಲ್ಲೇ ಹಾರತ್ತೆ, ನೀರು ಒಳಗೆ ಇಳಿಯತ್ತೆ, ಚಳಿಗಾಲದ ಹಿಮಕ್ಕೆ ಊದ್ಕೊಳ್ಳತ್ತೆ, ಆಮೇಲೆ ಹತ್ತಡಿ ಒಟ್ಟಿಗೆ ಕುಸಿಯತ್ತೆ.

ಹಂಗೆ ಓಡಾಡ್ತಿದ್ದ ಆಳುಗಳೇ ಎರಡನೇ ಮಹಾಯುದ್ಧ ಆದ್ಮೇಲೆ ಕಮ್ಮಿ ಆಗ್ತಾ ಹೋದ್ರು. ಟ್ರ್ಯಾಕ್ಟರ್ ಬಂತು, ಮಕ್ಕಳು ಪೇಟೆ ಸೇರಿದ್ರು, ಫಾರ್ಮಲ್ಲಿ ಉಳಿದಿದ್ದು ಗಂಡ ಹೆಂಡತಿ ಮತ್ತೆ ಒಂದು ನಾಯಿ. ಇತ್ತ ಸರ್ಕಾರಕ್ಕೆ ಆಹಾರ ಬೆಳೀಬೇಕು ಅನ್ನೋದೇ ಧ್ಯಾನ. 1946ರಲ್ಲಿ ಗುಡ್ಡದ ಬೇಸಾಯಕ್ಕೇ ಅಂತ ಕಾಯ್ದೆ ಮಾಡಿ ಸಹಾಯಧನ ಕೊಟ್ರು, ಪೀಟ್ ನೆಲದಲ್ಲಿ (ಅರೆಕೊಳೆತ ಗಿಡ, ಪಾಚಿ ಸೇರಿ ಆದ ಜೌಗು ಮಣ್ಣು) ಚರಂಡಿ ತೋಡಿ ನೀರು ಬಸಿಯೋಕೂ ಗ್ರಾಂಟ್ ಕೊಟ್ರು. 1973ರಲ್ಲಿ ಬ್ರಿಟನ್ ಯುರೋಪಿನ ಕೂಟ ಸೇರಿದ್ಮೇಲಂತೂ ತಲೆಲೆಕ್ಕದ ದುಡ್ಡು ಜೋರಾಯ್ತು, ಎಷ್ಟು ಕುರಿ ಇದ್ಯೋ ಅಷ್ಟು ಕಾಸು. ಕುರಿ ಹೆಚ್ಚಾಯ್ತು, ಗುಡ್ಡದ ಮೇಲಿನ ಹೆದರ್ ಅನ್ನೋ ಕುರುಚಲು ಪೊದೆ ಬೋಳಾಯ್ತು. ರೈತರನ್ನ ಬೈಯೋಕೆ ನಂಗೆ ಮನಸ್ಸಿಲ್ಲ, ಅವ್ರು ದುಡ್ಡು ಯಾವುದಕ್ಕೆ ಬರತ್ತೋ ಅದನ್ನೇ ಮಾಡಿದ್ರು.

ವಾಲಂಟಿಯರ್‌ಗಳು ಶುರುವಾಗಿದ್ದು ಫಾರ್ಮಲ್ಲಿ ಅಲ್ವೇ ಅಲ್ಲ. 1959ರಲ್ಲಿ ಕೌನ್ಸಿಲ್ ಫಾರ್ ನೇಚರ್ ಅನ್ನೋ ಸಂಸ್ಥೆ ಕನ್ಸರ್ವೇಶನ್ ಕೋರ್ ಅಂತ ಒಂದು ಗುಂಪು ಕಟ್ತು, ಮೊದಲ ಕೆಲಸ ಸರ್ರೆಯ ಬಾಕ್ಸ್ ಹಿಲ್ಲಲ್ಲಿ ಪೊದೆ ಕಡಿಯೋದು (ಹಿಲ್ ಅಂದ್ರೂ ಅದು ಲಂಡನ್ನಿಗೆ ಹತ್ರ ಇರೋ ಸುಣ್ಣಕಲ್ಲಿನ ದಿಬ್ಬ). ಅದೇ ಮುಂದೆ 1970ರಲ್ಲಿ ಬ್ರಿಟಿಷ್ ಟ್ರಸ್ಟ್ ಫಾರ್ ಕನ್ಸರ್ವೇಶನ್ ವಾಲಂಟಿಯರ್ಸ್ ಆಯ್ತು. ಅಷ್ಟೊತ್ತಿಗೆ ಗೋಡೆ ಕಟ್ಟೋ ವಿದ್ಯೆನೇ ಮುಗಿದು ಹೋಗತ್ತೆ ಅನ್ನೋ ಭಯಕ್ಕೆ 1968ರಲ್ಲಿ ಡ್ರೈ ಸ್ಟೋನ್ ವಾಲಿಂಗ್ ಅಸೋಸಿಯೇಶನ್ ಹುಟ್ಕೊಂಡಿತ್ತು. ಹಳೇ ಕಟ್ಟಡ, ಜಮೀನು ಕಾಪಾಡೋ ನ್ಯಾಷನಲ್ ಟ್ರಸ್ಟ್ ಅನ್ನೋ ಸಂಸ್ಥೆ ಕೈಲಂತೂ ಫಾರ್ಮುಗಳೇ ಇದ್ವು, 1943ರಲ್ಲಿ ತೀರ್ಕೊಂಡ ಮಕ್ಕಳ ಕತೆಗಾರ್ತಿ ಬಿಯಾಟ್ರಿಕ್ಸ್ ಪಾಟರ್ ಒಬ್ರೇ ಅದಕ್ಕೆ ಲೇಕ್ ಡಿಸ್ಟ್ರಿಕ್ಟಲ್ಲಿ 4000 ಎಕರೆಗೂ ಜಾಸ್ತಿ ಬಿಟ್ಟು ಹೋಗಿದ್ರು, ಅಲ್ಲಿನ ಹರ್ಡ್‌ವಿಕ್ ತಳಿ ಕುರಿ ಸಮೇತ.

2001ರಲ್ಲಿ ಕಾಲುಬಾಯಿ ರೋಗ ಬಂತು. 60 ಲಕ್ಷಕ್ಕೂ ಹೆಚ್ಚು ಜಾನುವಾರು ಕೊಂದ್ರು, ಲೇಕ್ ಡಿಸ್ಟ್ರಿಕ್ಟ್ ಇರೋ ಕಂಬ್ರಿಯಾ ಜಿಲ್ಲೆಗೆ ಬಿದ್ದಷ್ಟು ಪೆಟ್ಟು ಇನ್ನೆಲ್ಲೂ ಬೀಳ್ಲಿಲ್ಲ. ಗುಡ್ಡದ ದಾರಿಗಳೆಲ್ಲ ಬಂದ್, ವಾಲಂಟಿಯರ್ ಬಿಡಿ ವಾಕಿಂಗ್ ಬರೋರೂ ಕಾಲಿಡೋ ಹಂಗಿಲ್ಲ. ಗೋಡೆಗಳಿಂದ ಮೇಲೆ, ಬೇಲಿ ಇಲ್ದೆ ಇರೋ ಗುಡ್ಡದಲ್ಲಿ ಯಾವ ಹಿಂಡು ಎಲ್ಲಿವರೆಗೆ ಮೇಯ್ಬೇಕು ಅನ್ನೋದನ್ನ ಮರಿ ತಾಯಿ ಹಿಂದೆ ತಿರುಗಿ ಕಲಿಯತ್ತೆ, ಹಿಂಡೇ ಹೋದ್ರೆ ಆ ನೆನಪೂ ಹೋಯ್ತು, ದುಡ್ಡು ಕೊಟ್ಟು ಸಂತೆಯಿಂದ ತರೋಕಾಗಲ್ಲ.

ಇಂಗ್ಲೆಂಡಲ್ಲಿ 2005ರ ಹೊತ್ತಿಗೆ ತಲೆಲೆಕ್ಕ ಹೋಯ್ತು, ಬ್ರೆಕ್ಸಿಟ್ ಆದ್ಮೇಲೆ 2020ರ ಅಗ್ರಿಕಲ್ಚರ್ ಆಕ್ಟ್ ಬಂದು ಸರ್ಕಾರದ ದುಡ್ಡು ಮಣ್ಣು, ನೀರು, ಪಕ್ಷಿಗೆ ಒಳ್ಳೇದಾಗೋ ಕೆಲಸಕ್ಕೆ ಅಂತಾಯ್ತು. ತಮಾಷೆ ಏನಪ್ಪಾ ಅಂದ್ರೆ ಅವತ್ತು ಗ್ರಾಂಟ್ ಕೊಟ್ಟು ತೋಡ್ಸಿದ ಅದೇ ಚರಂಡಿಗಳನ್ನ ಇವತ್ತು ಗ್ರಾಂಟ್ ಕೊಟ್ಟು ಮುಚ್ಚಿಸ್ತಿದ್ದಾರೆ, ಪೀಟ್ ಒಣಗಿದ್ರೆ ಕಾರ್ಬನ್ ಗಾಳಿಗೆ ಹೋಗತ್ತೆ, ಮಳೆ ನೀರು ಒಂದೇ ಸಲಕ್ಕೆ ಕೆಳಗಿನ ಊರಿಗೆ ನುಗ್ಗತ್ತೆ ಅಂತ. ಪೀಕ್ ಡಿಸ್ಟ್ರಿಕ್ಟ್ ಕಡೆ ವಾಲಂಟಿಯರ್‌ಗಳು ಮೊಣಕಾಲೂರಿ ನೀರು ಹಿಡಿದಿಟ್ಕೊಳ್ಳೋ ಸ್ಫ್ಯಾಗ್ನಮ್ ಪಾಚಿ ನೆಡೋದೂ ಇದಕ್ಕೇ.

ಆದ್ರೂ ರೈತನಿಗೆ ಆಳಿನ ಕೊರತೆ ನೀಗಿಲ್ಲ. ಗೋಡೆ ಕೆಲಸ ಮುಂದಿನ ಶನಿವಾರಕ್ಕೆ ಕಾಯತ್ತೆ, ಮರಿ ಹಾಕೋ ಕುರಿ ಕಾಯಲ್ಲ. ಉಣ್ಣೆ ಕತ್ತರಿಸೋ ಕಾಲಕ್ಕೆ ಗುಡ್ಡದ ಮೇಲಿಂದ ಹಿಂಡು ಇಳಿಸೋಕೆ ಅಕ್ಕಪಕ್ಕದ ನಾಲ್ಕೈದು ಫಾರ್ಮಿನವರು ಒಟ್ಟಿಗೆ ನಾಯಿ ತಗೊಂಡು ಹತ್ತಬೇಕು, ಮಂಜು ಕವಿದಾಗ ಕುರಿ ಯಾವ ಮೂಲೆಗೆ ಹೋಗಿ ನಿಲ್ಲತ್ತೆ ಅಂತ ಗೊತ್ತಿರೋದು ಅವರಿಗೇ, ಆ ಫಾರ್ಮುಗಳೇ ಒಂದೊಂದಾಗಿ ಬಾಗಿಲು ಹಾಕ್ತಿವೆ.